ಗೆದ್ದವರು ತಂದ ದೇವರು, ಸೋತವರು ಕೆತ್ತಿದ ದೇವರು

1565ರ ಏಪ್ರಿಲ್ 28. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಒಂದಾದ ಸೆಬುವಿನ ಕಡಲ ದಂಡೆಯ ಊರು ಇನ್ನೂ ಹೊಗೆಯಾಡುತ್ತಿತ್ತು. ಮೆಕ್ಸಿಕೊದಿಂದ ಪೆಸಿಫಿಕ್ ಸಾಗರವನ್ನು ದಾಟಿ ಬಂದಿದ್ದ ಮಿಗೆಲ್ ಲೋಪೆಸ್ ದೆ ಲೆಗಾಸ್ಪಿಯ ಸ್ಪ್ಯಾನಿಷ್ ಪಡೆ ಹಡಗಿನ ಫಿರಂಗಿಗಳ ಬೆಂಬಲದಿಂದ ದಡಕ್ಕಿಳಿದಿತ್ತು. ಊರ ಜನ ಗುಡ್ಡಗಳನ್ನು ಸೇರಿಕೊಂಡಿದ್ದರು. ಮನೆಗಳು ಸಾಲಾಗಿ ಉರಿದಿದ್ದವು. ಆ ಅವಶೇಷಗಳ ನಡುವೆ ಏನಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದ ಹ್ವಾನ್ ಕಾಮುಸ್ ಎಂಬಾತನಿಗೆ ಒಂದು ಮನೆಯಲ್ಲಿ ಮರದ ಪೆಟ್ಟಿಗೆಯೊಂದು ಸಿಕ್ಕಿತು. ತೆರೆದು ನೋಡಿದರೆ ಒಳಗಿದ್ದುದು ಒಂದು ಅಡಿ ಎತ್ತರದ ಮರದ ಮಗು. ಒಂದು ಕೈಯಲ್ಲಿ ಭೂಗೋಳ, ಇನ್ನೊಂದು ಕೈ ಆಶೀರ್ವದಿಸಲು ಮೇಲೆತ್ತಿದೆ. ಅದು ಬಾಲಯೇಸುವಿನ ವಿಗ್ರಹ.

ಊರಿಗೆ ಬೆಂಕಿಯಿಟ್ಟು ಬಂದವರು ಆ ವಿಗ್ರಹದ ಮುಂದೆ ಮಂಡಿಯೂರಿದರು. ಲೆಗಾಸ್ಪಿ ಈ ಘಟನೆಯನ್ನು ವಿಧಿವತ್ತಾಗಿ ದಾಖಲೆ ಮಾಡಿಸಿದ, ಪ್ರತಿವರ್ಷ ಹಬ್ಬ ನಡೆಸಬೇಕೆಂದು ಗೊತ್ತುಮಾಡಿದ. ತಾವು ಹೊಸದಾಗಿ ಗೆದ್ದ ನೆಲದಲ್ಲಿ ತಮ್ಮ ದೇವರು ತಮಗಿಂತ ಮೊದಲೇ ಬಂದು ಕುಳಿತಿದ್ದಾನೆ ಎಂಬುದು ಅವರಿಗೆ ಪವಾಡವಾಗಿಯೇ ಕಂಡಿತು.

ನಿಜ ಸಂಗತಿ ಪವಾಡಕ್ಕಿಂತ ಸ್ವಾರಸ್ಯವಾದುದು. ಅದಕ್ಕೂ 44 ವರ್ಷ ಮೊದಲು, 1521ರ ಏಪ್ರಿಲ್‌ನಲ್ಲಿ, ಫರ್ಡಿನಾಂಡ್ ಮೆಗಲನ್ ಸೆಬುವಿಗೆ ಬಂದಿದ್ದ. ಅಲ್ಲಿಯ ಅರಸು ಹುಮಾಬೊನ್ ಮತ್ತು ಅವನ ಪತ್ನಿ ಕ್ರೈಸ್ತದೀಕ್ಷೆ ಪಡೆದರು. ಅರಸನಿಗೆ ಸ್ಪೇನಿನ ದೊರೆಯ ನೆನಪಿಗೆ ಕಾರ್ಲೋಸ್ ಎಂದೂ, ರಾಣಿಗೆ ದೊರೆಯ ತಾಯಿಯ ನೆನಪಿಗೆ ಹ್ವಾನಾ ಎಂದೂ ಹೆಸರಾಯಿತು. ಆ ಯಾತ್ರೆಯ ದಿನಚರಿ ಬರೆದಿಟ್ಟ ಇಟಲಿಯ ಅಂತೋನಿಯೊ ಪಿಗಫೆಟ್ಟ ಹೇಳುವಂತೆ, ರಾಣಿ ಮರದ ಬಾಲಯೇಸುವನ್ನು ಕಂಡು ಮನಸೋತಳು. ತನ್ನ ವಿಗ್ರಹಗಳಿದ್ದ ಜಾಗದಲ್ಲಿ ಅದನ್ನು ಇಟ್ಟುಕೊಳ್ಳುತ್ತೇನೆಂದು ಕೇಳಿ ಪಡೆದಳು. ಕೆಲವೇ ದಿನಗಳಲ್ಲಿ, ಏಪ್ರಿಲ್ 27ರಂದು, ಪಕ್ಕದ ಮಕ್ತಾನ್ ದ್ವೀಪದಲ್ಲಿ ಲಾಪುಲಾಪುವಿನ ಜನರ ಕೈಯಲ್ಲಿ ಮೆಗಲನ್ ಸತ್ತ. ಅಳಿದುಳಿದ ಸ್ಪೇನಿನವರು ಹಡಗು ಹತ್ತಿ ಹೋದರು. ಮರದ ಮಗು ಮಾತ್ರ ಅಲ್ಲೇ ಉಳಿಯಿತು.

ಮುಂದಿನ 44 ವರ್ಷ ಸೆಬುವಿನಲ್ಲಿ ಪಾದ್ರಿಗಳಿರಲಿಲ್ಲ, ಇಗರ್ಜಿ ಇರಲಿಲ್ಲ, ಪೂಜೆಯ ವಿಧಾನ ಹೇಳಿಕೊಡುವವರಿರಲಿಲ್ಲ. ಆದರೂ ವಿಗ್ರಹವನ್ನು ಯಾರೂ ಎಸೆಯಲಿಲ್ಲ, ಒಲೆಗೆ ಹಾಕಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡಿದರು. ಮಳೆ ಬಾರದಿದ್ದಾಗ ಅದನ್ನು ಕಡಲಿಗೆ ಒಯ್ದು ನೀರಿನಲ್ಲಿ ಮುಳುಗಿಸುತ್ತಿದ್ದರು ಎಂದು ಅಗಸ್ಟೀನಿಯನ್ ಪಾದ್ರಿಗಳ ಬರಹಗಳು ಹೇಳುತ್ತವೆ. ಅಂದರೆ ಲೆಗಾಸ್ಪಿಯ ಪಡೆ 1565ರಲ್ಲಿ ತನ್ನದೆಂದು ಎತ್ತಿಕೊಂಡ ವಿಗ್ರಹ ಅಷ್ಟರಲ್ಲಾಗಲೇ ಬೇರೆಯವರ ದೇವರಾಗಿತ್ತು.

ಫಿಲಿಪ್ಪೀನ್ಸಿನ ಮರದ ಸಂತರ ಮೂರು ಶತಮಾನಗಳ ಕಥೆಯೆಲ್ಲ ಈ ಒಂದು ಪೆಟ್ಟಿಗೆಯಲ್ಲಿ ಅಡಗಿದೆ ಎನ್ನಬಹುದು. ಇಂದು ಈ ವಿಗ್ರಹಗಳಿಗೆ ಹರಾಜುಕಟ್ಟೆಗಳಲ್ಲಿ ದೊಡ್ಡ ಬೆಲೆಯಿದೆ. ‘ಸ್ಪ್ಯಾನಿಷ್ ವಸಾಹತು ಕಾಲದ ಪುರಾತನ ಶಿಲ್ಪ’ ಎಂಬ ಚೀಟಿ ಅಂಟಿಸಿಕೊಂಡು ಅವು ದೇಶದೇಶಗಳ ಸಂಗ್ರಾಹಕರ ಮನೆ ಸೇರಿವೆ. ಚೀಟಿಯಲ್ಲಿ ಸ್ಪೇನಿನ ಹೆಸರಿದೆ. ಆದರೆ ಕೆತ್ತಿದ ಕೈ, ಕಡಿದ ಮರ, ಎಣ್ಣೆ ಹಚ್ಚಿ ಒರೆಸಿದ ಬೆರಳು ಇವು ಯಾವುವೂ ಸ್ಪೇನಿನವಲ್ಲ.

ಮೊದಲೇ ಇದ್ದ ಮರದ ದೇವರುಗಳು

ಸ್ಪೇನಿನವರು ಬಂದಾಗ ಫಿಲಿಪ್ಪೀನ್ಸಿನ ಜನಕ್ಕೆ ಮರದ ವಿಗ್ರಹ ಹೊಸದಲ್ಲ. ಗತಿಸಿದ ಹಿರಿಯರ ಆತ್ಮಗಳನ್ನೂ ಬೆಟ್ಟ, ಮರ, ಹೊಳೆಗಳ ಶಕ್ತಿಗಳನ್ನೂ ಅವರು ‘ಅನಿತೊ’ ಎಂದು ಕರೆದು ಆರಾಧಿಸುತ್ತಿದ್ದರು. ಅವುಗಳಿಗೆ ಮರದ ಚಿಕ್ಕ ಬೊಂಬೆಗಳನ್ನು ಮಾಡಿ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕಾಯಿಲೆ ಬಂದರೆ, ಬಿತ್ತನೆಗೆ ಹೊರಟರೆ, ದೂರ ಪ್ರಯಾಣ ಕೈಗೊಂಡರೆ ಅನಿತೊಗಳಿಗೆ ಹರಕೆ ಸಲ್ಲುತ್ತಿತ್ತು. ಸ್ಪೇನಿನ ಆಳ್ವಿಕೆಗೆ ಪೂರ್ತಿ ಒಳಗಾಗದೇ ಉಳಿದ ಉತ್ತರ ಲುಸೋನಿನ ಬೆಟ್ಟಗಳ ಇಫುಗಾವೊ ಜನರಲ್ಲಿ ಈ ಪದ್ಧತಿ ಉಳಿದುಬಂದಿದೆ. ಭತ್ತದ ಕಣಜವನ್ನು ಕಾಯುವ ‘ಬುಲುಲ್’ ಎಂಬ ಜೋಡಿ ಮರದ ಮೂರ್ತಿಗಳು ಅವರವು. ಸುಗ್ಗಿಯ ವಿಧಿಗಳಲ್ಲಿ ಅವುಗಳಿಗೆ ಅಕ್ಕಿಯ ಮದ್ಯ, ಬಲಿಯ ರಕ್ತ ಸಲ್ಲುತ್ತದೆ.

ಪಾದ್ರಿಗಳು ಅನಿತೊಗಳನ್ನು ಹುಡುಕಿ ತೆಗೆದು ಸುಟ್ಟರು. ಸುಟ್ಟ ಜಾಗ ಖಾಲಿಯಾಗಿ ಉಳಿಯುವಂತಿರಲಿಲ್ಲ. ಅಲ್ಲಿ ಸಂತರು ಬಂದು ಕುಳಿತರು. ಮನೆಯಲ್ಲಿ ಅನಿತೊ ಇದ್ದ ಮೂಲೆಯಲ್ಲಿ ಸಂತ ಅಂತೋಣಿ, ಹೊಲದ ಕಾವಲಿಗೆ ರೈತರ ಸಂತ ಇಸಿದ್ರೊ, ಸಾಂಕ್ರಾಮಿಕ ರೋಗಕ್ಕೆ ನಾಯಿಯ ಜೊತೆಗಿರುವ ಸಂತ ರೋಕೆ. ದೇವರ ಹೆಸರು ಬದಲಾಯಿತು. ದೇವರ ಮುಂದೆ ಇಡುತ್ತಿದ್ದ ಬೇಡಿಕೆ ಬದಲಾಗಲಿಲ್ಲ. ಮಳೆ, ಬೆಳೆ, ಮಗು, ಮದ್ದು ಇವೇ ಆಗಲೂ ಈಗಲೂ. ಬುಲಕಾನ್ ಪ್ರಾಂತ್ಯದ ಪುಲಿಲಾನ್ ಊರಿನಲ್ಲಿ ಪ್ರತಿ ಮೇ ತಿಂಗಳು ಇಸಿದ್ರೊ ಸಂತನ ಹಬ್ಬದಂದು ಅಲಂಕರಿಸಿದ ಕೋಣಗಳನ್ನು ಇಗರ್ಜಿಯ ಮುಂದೆ ತಂದು ಮಂಡಿಯೂರಿಸುತ್ತಾರೆ. ಉಳುಮೆಯ ಪ್ರಾಣಿಗೂ ದೇವರಿಗೂ ಇರುವ ಈ ನಂಟನ್ನು ಯಾವ ಪಾದ್ರಿಯೂ ಸ್ಪೇನಿನಿಂದ ತರಬೇಕಾಗಿರಲಿಲ್ಲ.

ಚೀನೀ ಉಳಿಯ ಕೈಚಳಕ

1571ರಲ್ಲಿ ಲೆಗಾಸ್ಪಿ ಮನಿಲಾವನ್ನು ರಾಜಧಾನಿ ಮಾಡಿಕೊಂಡ. ಊರೂರಿಗೂ ಇಗರ್ಜಿಗಳು ಎದ್ದವು. ಇಷ್ಟೊಂದು ಇಗರ್ಜಿಗಳಿಗೆ ವಿಗ್ರಹಗಳನ್ನು ತರುವುದು ಎಲ್ಲಿಂದ? ಸ್ಪೇನಿನಿಂದ ಅಟ್ಲಾಂಟಿಕ್ ದಾಟಿ, ಮೆಕ್ಸಿಕೊವನ್ನು ನೆಲದ ಮೇಲೆ ಹಾದು, ಅಕಪುಲ್ಕೊದಲ್ಲಿ ಮತ್ತೆ ಹಡಗೇರಿ ಪೆಸಿಫಿಕ್ ದಾಟಬೇಕು. ಅಕಪುಲ್ಕೊ–ಮನಿಲಾ ನಡುವಿನ ಈ ಹಡಗು ಸಂಚಾರ 1565ರಿಂದ 1815ರವರೆಗೆ ಎರಡೂವರೆ ಶತಮಾನ ನಡೆಯಿತು. ಕೆಲವು ಪ್ರಸಿದ್ಧ ವಿಗ್ರಹಗಳು ಬಂದದ್ದು ಈ ದಾರಿಯಲ್ಲೇ. ಈಗ ಮನಿಲಾದ ಕಿಯಾಪೊ ಇಗರ್ಜಿಯಲ್ಲಿರುವ, ಶಿಲುಬೆ ಹೊತ್ತ ಕಪ್ಪು ನಜರೀನ್ 1606ರಲ್ಲಿ ಮೆಕ್ಸಿಕೊದಿಂದ ಬಂದುದೆಂದು ಪ್ರತೀತಿ. ಆಂಟಿಪೊಲೊ ಊರಿನ, ‘ಸುಖಪ್ರಯಾಣದ ಮಾತೆ’ ಎಂದು ಹೆಸರಾದ ಮೇರಿಯ ಮೂರ್ತಿ 1626ರಲ್ಲಿ ಗವರ್ನರ್ ಹ್ವಾನ್ ನಿನ್ಯೊ ದೆ ತಾಬೊರಾನ ಜೊತೆ ಬಂತು. ಆದರೆ ವರ್ಷಕ್ಕೆ ಒಂದೋ ಎರಡೋ ಬರುವ ಹಡಗನ್ನು ನೆಚ್ಚಿಕೊಂಡು ನೂರಾರು ಊರುಗಳ ಇಗರ್ಜಿ ತುಂಬಿಸಲಾಗದು.

ಪರಿಹಾರ ಮನಿಲಾದ ಕೋಟೆಯ ಹೊರಗೇ ಇತ್ತು. ಅಲ್ಲಿ ‘ಪರಿಯಾನ್’ ಎಂಬ ಕೇರಿಯಲ್ಲಿ ದಕ್ಷಿಣ ಚೀನಾದಿಂದ ವಲಸೆ ಬಂದ ವರ್ತಕರೂ ಕುಶಲಕರ್ಮಿಗಳೂ ಇದ್ದರು. ಸ್ಪೇನಿನವರು ಅವರನ್ನು ‘ಸಾಂಗ್ಲೆ’ಗಳೆಂದು ಕರೆಯುತ್ತಿದ್ದರು. ಮನಿಲಾದ ಮೊದಲ ಬಿಷಪ್ ದೊಮಿಂಗೊ ದೆ ಸಲಜಾರ್ 1590ರಲ್ಲಿ ದೊರೆ ಎರಡನೆಯ ಫಿಲಿಪ್‌ಗೆ ಬರೆದ ಪತ್ರದಲ್ಲಿ ಇವರ ಕೆಲಸವನ್ನು ಬಾಯ್ತುಂಬ ಹೊಗಳಿದ್ದಾನೆ. ಅವರು ಮಾಡಿದ ದಂತದ ಬಾಲಯೇಸುಗಳಿಗಿಂತ ಪರಿಪೂರ್ಣವಾದುದು ಬೇರೊಂದಿರಲಾರದು. ಇಗರ್ಜಿಗಳು ಅವರ ವಿಗ್ರಹಗಳಿಂದ ತುಂಬತೊಡಗಿವೆ. ಇನ್ನು ಮುಂದೆ ಯೂರೋಪಿನ ಫ್ಲಾಂಡರ್ಸಿನಿಂದ ವಿಗ್ರಹ ತರಿಸುವ ಅಗತ್ಯ ಬೀಳದು ಎಂಬುದು ಅವನ ಮಾತಿನ ಸಾರ.

ಸ್ಪೇನಿನಿಂದ ಬಂದ ಮಾದರಿಯನ್ನು ನೋಡಿ ಚೀನೀ ಕುಶಲಕರ್ಮಿ ಕೆತ್ತುವಾಗ ಅವನ ಕೈ ತನ್ನ ಅಭ್ಯಾಸವನ್ನು ಬಿಡಲಿಲ್ಲ. ಹಲವು ಹಳೆಯ ಮೇರಿಯರ ಕಣ್ಣು ಬಾದಾಮಿಯಂತೆ ಉದ್ದ, ರೆಪ್ಪೆ ಭಾರ. ನೋಡಿದವರಿಗೆ ಚೀನಾದ ಕರುಣಾದೇವತೆ ಗುವಾನ್‌ಯಿನ್ ನೆನಪಾಗುತ್ತಾಳೆ. ಮುಖ ಮತ್ತು ಕೈಗಳು ದಂತದವು, ಮೈ ಮರದ್ದು ಎಂಬಂಥ ಮಿಶ್ರ ವಿಗ್ರಹಗಳೂ ಬಹಳ ಬಳಕೆಗೆ ಬಂದವು. ಮನಿಲಾದಿಂದ ಹೊರಟ ಹಡಗುಗಳಲ್ಲಿ ರೇಷ್ಮೆ, ಪಿಂಗಾಣಿಯೊಂದಿಗೆ ಇಂಥ ವಿಗ್ರಹಗಳೂ ಮೆಕ್ಸಿಕೊಗೂ ಸ್ಪೇನಿಗೂ ರಫ್ತಾದವು. ದೇವರನ್ನು ಆಮದು ಮಾಡಿಕೊಂಡ ನೆಲವೇ ಕೆಲವು ದಶಕಗಳಲ್ಲಿ ದೇವರನ್ನು ರಫ್ತು ಮಾಡತೊಡಗಿತು!

ಉಳಿಯ ಹೆಸರಿನ ಊರು

ಚೀನೀಯರಿಂದಲೂ ಪಾದ್ರಿಗಳಿಂದಲೂ ಕಲಿತ ಸ್ಥಳೀಯರು ಬೇಗನೆ ಉಳಿ ಹಿಡಿದರು. 17ನೆಯ ಶತಮಾನದ ಆರಂಭದಲ್ಲಿ ಮನಿಲಾದ ಸಾನ್ ಅಗಸ್ಟಿನ್ ಇಗರ್ಜಿಗೆ ಕೆಲಸ ಮಾಡಿದ, ಲಗುನಾ ಪ್ರಾಂತ್ಯದ ಸಾನ್ ಪಾಬ್ಲೊ ಊರಿನ ಹ್ವಾನ್ ದೆ ಲೋಸ್ ಸಾಂತೋಸ್ ಹೆಸರಿನಿಂದ ನಮಗೆ ತಿಳಿದಿರುವ ಮೊದಲ ಫಿಲಿಪ್ಪಿನೊ ಶಿಲ್ಪಿಗಳಲ್ಲಿ ಒಬ್ಬ. ಅವನ ಅಡ್ಡಹೆಸರಿನ ಅರ್ಥವೇ ‘ಸಂತರವನು’.

ಅದೇ ಲಗುನಾ ಪ್ರಾಂತ್ಯದಲ್ಲಿ, ದೊಡ್ಡ ಸರೋವರ ಮತ್ತು ಬೆಟ್ಟಗಳ ನಡುವೆ ಪಾಯೆತೆ ಎಂಬ ಊರಿದೆ. 1580ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ನೆಲೆಗೊಳಿಸಿದ ಊರು ಅದು. ಹೆಸರು ಬಂದದ್ದು ತಗಲಾಗ್ ಭಾಷೆಯಲ್ಲಿ ಉಳಿಗಿರುವ ‘ಪಾಯೆತ್’ ಎಂಬ ಪದದಿಂದ. ‘ಈ ಊರಿನ ಹೆಸರೇನು?’ ಎಂದು ಪಾದ್ರಿ ಕೇಳಿದನಂತೆ. ಮರ ಕೆತ್ತುತ್ತಿದ್ದವನು ತನ್ನ ಕೈಯಲ್ಲಿದ್ದ ಉಪಕರಣದ ಹೆಸರು ಕೇಳುತ್ತಿದ್ದಾನೆಂದು ತಿಳಿದು ‘ಪಾಯೆತ್’ ಎಂದನಂತೆ. ಕಥೆ ಇರಲಿ, ಊರಿನ ಮನೆಮನೆಗಳಲ್ಲಿ ಉಳಿಯ ಸದ್ದು ಇಂದಿಗೂ ಇದೆ. 1883ರ ಆಮ್‌ಸ್ಟರ್ಡಾಂ ವಸ್ತುಪ್ರದರ್ಶನದಲ್ಲಿ ಪಾಯೆತೆಯ ಮರಿಯಾನೊ ಮದ್ರಿನ್ಯಾನ್ ಕೆತ್ತಿದ ದುಃಖಮಾತೆಯ ಮೂರ್ತಿ ಪ್ರಶಸ್ತಿ ಪಡೆಯಿತು. 2005ರಲ್ಲಿ ಸರ್ಕಾರ ಪಾಯೆತೆಯನ್ನು ದೇಶದ ಕೆತ್ತನೆಯ ರಾಜಧಾನಿ ಎಂದು ಘೋಷಿಸಿತು.

ಒಂದು ವಿಗ್ರಹ ರೂಪುಗೊಳ್ಳುವ ಬಗೆಯನ್ನು ನೋಡಿದರೆ ಅದರ ಹಿಂದಿನ ಶ್ರಮ ತಿಳಿಯುತ್ತದೆ. ಮೊದಲು ಮರದ ಆಯ್ಕೆ. ಬಾತಿಕುಲಿಂಗ್ ಎಂಬ ಮರ ಕೆತ್ತಲು ಮೆದು, ಸುಲಭವಾಗಿ ಸೀಳುವುದಿಲ್ಲ, ಹುಳುವಿನ ಕಾಟವೂ ಕಡಿಮೆ. ಮೊಲಾವೆ ಕಲ್ಲಿನಷ್ಟು ಗಟ್ಟಿ. ಕಡಿದ ಮರವನ್ನು ಚೆನ್ನಾಗಿ ಒಣಗಿಸಿ ಹದಕ್ಕೆ ತರಬೇಕು. ಇಲ್ಲದಿದ್ದರೆ ಸಂತನ ಮುಖ ನಡುವೆ ಬಿರುಕು ಬಿಡುತ್ತದೆ. ಅದಕ್ಕಾಗಿಯೇ ದೊಡ್ಡ ಮೂರ್ತಿಗಳ ಒಳಭಾಗವನ್ನು ಟೊಳ್ಳು ಮಾಡುವುದುಂಟು.

ಕೆತ್ತನೆ ಮುಗಿದ ಮೇಲೆ ಮರದ ಮೇಲೆ ಬಿಳಿಯ ಸುಣ್ಣದಂಥ ಪುಡಿಯನ್ನು ಪ್ರಾಣಿಗಳ ಚರ್ಮದಿಂದ ಕಾಯಿಸಿದ ಅಂಟಿನೊಂದಿಗೆ ಕಲಸಿ ಹಲವು ಸಲ ಬಳಿಯುತ್ತಾರೆ. ಪ್ರತಿ ಲೇಪವೂ ಒಣಗಿದ ಮೇಲೆ ಉಜ್ಜಿ ನಯ ಮಾಡಬೇಕು. ಮುಖಕ್ಕೂ ಕೈಗಳಿಗೂ ಎಣ್ಣೆಬಣ್ಣವನ್ನು ತೆಳುವಾಗಿ ಹಚ್ಚಿ, ತೀಡಿ, ಚರ್ಮದ ಹೊಳಪು ಬರಿಸುತ್ತಾರೆ. ಇದಕ್ಕೆ ‘ಎನ್‌ಕಾರ್ನಸಿಯೋನ್’ ಎಂದು ಹೆಸರು. ಎಂದರೆ ಮಾಂಸ ತುಂಬುವುದು. ಬಟ್ಟೆಯ ಭಾಗಕ್ಕೆ ಮಾಡುವುದು ‘ಎಸ್ತೊಫಾದೊ’. ಕೆಂಪು ಜೇಡಿಯ ಲೇಪದ ಮೇಲೆ ಚಿನ್ನದ ರೇಕನ್ನು ಅಂಟಿಸಿ, ಅದರ ಮೇಲೆ ಬಣ್ಣ ಬಳಿದು, ಮೊನಚು ಕಡ್ಡಿಯಿಂದ ಬಣ್ಣವನ್ನು ಅಲ್ಲಲ್ಲಿ ಕೆರೆಯುತ್ತಾರೆ. ಕೆರೆದ ಕಡೆ ಒಳಗಿನ ಚಿನ್ನ ಬಳ್ಳಿಯಾಗಿ, ಹೂವಾಗಿ ಮಿನುಗಿ ಮರ ಜರತಾರಿ ರೇಷ್ಮೆಯಂತೆ ಕಾಣುತ್ತದೆ. ಕೊನೆಗೆ ಗಾಜಿನ ಕಣ್ಣು, ನಿಜಕೂದಲು, ಬೆಳ್ಳಿಯ ಪ್ರಭಾವಳಿ.

ಎಲ್ಲ ವಿಗ್ರಹಗಳೂ ಪೂರ್ತಿ ಕೆತ್ತಿದವಲ್ಲ. ಕೆಲವಕ್ಕೆ ತಲೆ, ಕೈ, ಪಾದ ಮಾತ್ರ ಇರುತ್ತವೆ. ಮೈಯ ಜಾಗದಲ್ಲಿ ಪಟ್ಟಿಗಳಿಂದ ಮಾಡಿದ ಪಂಜರ. ಅದರ ಮೇಲೆ ರೇಷ್ಮೆ, ಮಕಮಲ್ಲಿನ ಉಡುಪು ತೊಡಿಸಿದರೆ ಪಂಜರ ಮರೆಯಾಗುತ್ತದೆ. ಇನ್ನು ಕೆಲವು ಕ್ರಿಸ್ತಮೂರ್ತಿಗಳ ತೋಳುಗಳಿಗೆ ಕೀಲುಗಳಿವೆ. ಶುಭ ಶುಕ್ರವಾರದಂದು ಅವನನ್ನು ಶಿಲುಬೆಯಿಂದ ಇಳಿಸಿ, ತೋಳುಗಳನ್ನು ಮಡಿಸಿ, ಗಾಜಿನ ಶವಪೆಟ್ಟಿಗೆಯಲ್ಲಿ ಮಲಗಿಸಿ ಮೆರವಣಿಗೆ ಮಾಡುತ್ತಾರೆ. ನಮ್ಮ ದೇವಸ್ಥಾನಗಳಲ್ಲಿ ಮೂಲವಿಗ್ರಹ, ಉತ್ಸವಮೂರ್ತಿ ಎಂಬ ಭೇದ ತಿಳಿದವರಿಗೆ ಈ ಏರ್ಪಾಡು ಅರ್ಥವಾಗುವುದು ಕಷ್ಟವಲ್ಲ.

ಉತ್ಸವದ ವಿಗ್ರಹಗಳು ಅನೇಕ ಊರುಗಳಲ್ಲಿ ಇಗರ್ಜಿಯ ಸೊತ್ತಲ್ಲ, ಮನೆತನಗಳ ಸೊತ್ತು. ಅವನ್ನು ನೋಡಿಕೊಳ್ಳುವವರಿಗೆ ‘ಕಮರೇರೊ’ ಎಂದು ಹೆಸರು. ಉಡುಪು ಹೊಲಿಸುವುದು, ಹೂವಿನ ತೇರು ಕಟ್ಟುವುದು, ಎಳೆಯುವವರಿಗೆ ಊಟ ಹಾಕುವುದು ಎಲ್ಲವೂ ಅವರ ಹೊಣೆ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಸಂತ ಹಸ್ತಾಂತರವಾಗುತ್ತಾನೆ. ಅವನು ಮನೆಯ ಆಸ್ತಿಯೂ ಹೌದು, ಹಿರಿಯನೂ ಹೌದು.

ಹೆಸರಿಲ್ಲದ ಕೈಗಳು

ಇಷ್ಟು ಕುಶಲದ ಕೆಲಸ ಮಾಡಿದವರ ಹೆಸರು ಎಷ್ಟು ಉಳಿದಿವೆ? ಬೆರಳೆಣಿಕೆಯಷ್ಟು. ವಿಗ್ರಹದ ಮೇಲೆ ಕೆತ್ತಿದವನು ಸಹಿ ಹಾಕುವ ರೂಢಿ ಇರಲಿಲ್ಲ. ಊರ ಬಡಗಿ ಪಾದ್ರಿಯ ಪುಸ್ತಕದ ಚಿತ್ರ ನೋಡಿ, ತನಗೆ ತೋಚಿದ ಅಳತೆಯಲ್ಲಿ, ತಲೆ ದೊಡ್ಡದು ಮೈ ಗಿಡ್ಡ ಮಾಡಿ, ತನ್ನ ನೆರೆಯವನ ಮೂಗನ್ನೇ ಸಂತನಿಗೆ ಇಟ್ಟು ಕೆತ್ತಿದ. ಸ್ಪೇನಿನ ಆಳ್ವಿಕೆಯ ಮತ್ತೊಂದು ತುದಿಯಾದ ದಕ್ಷಿಣ ಅಮೆರಿಕದಲ್ಲೂ ಇದೇ ಕಥೆ. ಇಂದಿನ ಇಕ್ವೆಡಾರಿನ ಕೀಟೊ ನಗರದಲ್ಲಿ 18ನೆಯ ಶತಮಾನದಲ್ಲಿ ಅಪ್ರತಿಮ ಮೂರ್ತಿಗಳನ್ನು ಕೆತ್ತಿದ ಮೂಲನಿವಾಸಿ ಶಿಲ್ಪಿ ಮನುವೆಲ್ ಚಿಲಿ ಜನಕ್ಕೆ ಗೊತ್ತಿರುವುದು ‘ಕಾಸ್ಪಿಕಾರ’ ಎಂಬ ಅಡ್ಡಹೆಸರಿನಿಂದ. ಕೆಚುವಾ ಭಾಷೆಯಲ್ಲಿ ಅದರ ಅರ್ಥ ಮರದ ಚರ್ಮದವನು.

ಈ ಕಲೆಯ ಹಿಂದೆ ಭಕ್ತಿ ಮಾತ್ರ ಇತ್ತೆಂದರೆ ಅದು ಅರ್ಧಸತ್ಯ. ವಸಾಹತು ಫಿಲಿಪ್ಪೀನ್ಸಿನಲ್ಲಿ ಗಂಡಸರು ವರ್ಷಕ್ಕೆ 40 ದಿನ ಬಿಟ್ಟಿದುಡಿಮೆ ಮಾಡಬೇಕಿತ್ತು. 1884ರಲ್ಲಿ ಅದು 15 ದಿನಕ್ಕೆ ಇಳಿಯಿತು. ಹಡಗಿಗೆ ಮರ ಕಡಿದವರೂ ಇಗರ್ಜಿಗೆ ಕಲ್ಲು ಹೊತ್ತವರೂ ಇವರೇ. ಕಟ್ಟಿದವರು ಊರಿನವರು, ಕೆತ್ತಿದವರು ಊರಿನವರು; ಒಡೆತನ ಮಾತ್ರ ದೂರದ್ದು.

ಈ ತೊಡಕನ್ನು ಒಂದೇ ವಿಗ್ರಹದಲ್ಲಿ ಕಾಣಬೇಕೆಂದರೆ ಹೊಸೆ ರಿಸಾಲನ ಕಥೆ ನೋಡಬೇಕು. ಫಿಲಿಪ್ಪೀನ್ಸಿನ ರಾಷ್ಟ್ರನಾಯಕನಾದ ಈತ ವೈದ್ಯ, ಕಾದಂಬರಿಕಾರ, ಪಾದ್ರಿಗಳ ದಬ್ಬಾಳಿಕೆಯನ್ನು ಬಯಲಿಗೆಳೆದ ಲೇಖಕ. 1870ರ ದಶಕದಲ್ಲಿ ಮನಿಲಾದ ಜೆಸುಯಿಟ್ ಶಾಲೆಯಲ್ಲಿ ಓದುತ್ತಿದ್ದಾಗ ಅವನು ಚಾಕುವಿನಿಂದ ಬಾತಿಕುಲಿಂಗ್ ಮರದ ತುಂಡಿನಲ್ಲಿ ಯೇಸುವಿನ ಪವಿತ್ರ ಹೃದಯದ ಚಿಕ್ಕ ಮೂರ್ತಿಯೊಂದನ್ನು ಕೆತ್ತಿದ್ದ. ಮುಂದೆ ಅವನ ಮೇಲೆ ರಾಜದ್ರೋಹದ ಆರೋಪ ಬಂತು, ಮರಣದಂಡನೆಯಾಯಿತು. 1896ರ ಡಿಸೆಂಬರ್ 29ರಂದು, ಗುಂಡಿಗೆ ಗುರಿಯಾಗುವ ಹಿಂದಿನ ದಿನ, ಅವನ ಹಳೆಯ ಗುರುಗಳಾದ ಜೆಸುಯಿಟರು ಸೆರೆಮನೆಗೆ ಬಂದು ಅವನೇ ಕೆತ್ತಿದ ಆ ಮೂರ್ತಿಯನ್ನು ಅವನ ಕೈಗಿತ್ತರು. ಅವನನ್ನು ಕೊಲ್ಲಲು ಹೊರಟ ವ್ಯವಸ್ಥೆಯ ದೇವರು ಅದು. ಅವನ ಬಾಲ್ಯದ ಕೈಯಿಂದ ಮೂಡಿದ ದೇವರೂ ಅದೇ. ಅದನ್ನು ಯಾರದ್ದೆಂದು ಹೇಳೋಣ?

ಇಗರ್ಜಿಯಿಂದ ಅಂಗಡಿಗೆ

ಯಾರದ್ದು ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. 1898ರಲ್ಲಿ ಸ್ಪೇನ್ ಸೋತು ಅಮೆರಿಕದ ಆಳ್ವಿಕೆ ಬಂದಮೇಲೆ, 1902ರಲ್ಲಿ ರೋಮಿನ ಪೋಪರಿಂದ ಬೇರೆಯಾದ ಸ್ವತಂತ್ರ ಫಿಲಿಪ್ಪಿನೊ ಕ್ರೈಸ್ತಸಭೆಯೊಂದು ಹುಟ್ಟಿಕೊಂಡಿತು. ಎಷ್ಟೋ ಊರುಗಳು ತಮ್ಮ ಇಗರ್ಜಿ ಸಮೇತ ಅದಕ್ಕೆ ಸೇರಿದವು. ನಮ್ಮ ಹಿರಿಯರ ಬೆವರಿನಿಂದ ಎದ್ದ ಕಟ್ಟಡ ಊರಿನದು ಎಂಬುದು ಅವುಗಳ ವಾದ. 1906ರಲ್ಲಿ ಲಗೊನೊಯ್ ಊರಿನ ಮೊಕದ್ದಮೆಯಲ್ಲಿ ಫಿಲಿಪ್ಪೀನ್ಸಿನ ಸರ್ವೋಚ್ಚ ನ್ಯಾಯಾಲಯ ಇಗರ್ಜಿಗಳು ರೋಮನ್ ಕ್ಯಾಥೊಲಿಕ್ ಸಭೆಯವು ಎಂದು ತೀರ್ಪಿತ್ತಿತು. ಕಾನೂನಿನ ಮಟ್ಟಿಗೆ ಪ್ರಶ್ನೆ ಮುಗಿಯಿತು.

ಬಳಿಕ ಯುದ್ಧ ಬಂತು. 1945ರ ಫೆಬ್ರವರಿಯಲ್ಲಿ ಅಮೆರಿಕ–ಜಪಾನ್ ಸೇನೆಗಳ ನಡುವೆ ನಡೆದ ಮನಿಲಾ ಕದನದಲ್ಲಿ ಸುಮಾರು ಒಂದು ಲಕ್ಷ ನಾಗರಿಕರು ಸತ್ತರು. ಹಳೆಯ ಕೋಟೆಯೊಳಗಿದ್ದ ಏಳು ಇಗರ್ಜಿಗಳಲ್ಲಿ ನಿಂತುಳಿದದ್ದು ಸಾನ್ ಅಗಸ್ಟಿನ್ ಒಂದೇ. 1993ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಸಾಬೆಲೊ ತಾಂಪಿಂಕೊ ಎಂಬ ಮಹಾಶಿಲ್ಪಿ ತನ್ನ ಮರದ ಕೆತ್ತನೆಯಿಂದ ಬೆಳಗಿಸಿದ್ದ ಸಾನ್ ಇಗ್ನಾಸಿಯೊ ಇಗರ್ಜಿ ಬೂದಿಯಾಯಿತು.

ಯುದ್ಧ ಉಳಿಸಿದ್ದನ್ನು ಸಂಗ್ರಹದ ಹುಚ್ಚು ಕರಗಿಸಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕ್ಯಾಥೊಲಿಕ್ ಆರಾಧನೆಯ ರೀತಿ ಸರಳವಾಯಿತು. ಪಕ್ಕದ ಪೀಠಗಳೂ ಅವುಗಳ ಮೇಲಿನ ಸಂತರೂ ಹೆಚ್ಚಿನವರೆಂದು ಕೆಲವರಿಗೆ ತೋರಿತು. ಅದೇ ಸಮಯಕ್ಕೆ ಮನಿಲಾದ ಸಿರಿವಂತರಿಗೂ ವಿದೇಶೀಯರಿಗೂ ಹಳೆಯ ಸಂತರನ್ನು ಬೈಠಕ್‌ಖಾನೆಯಲ್ಲಿ ಇಡುವ ಗೀಳು ಹತ್ತಿತ್ತು. ಅಂಗಡಿಗಳೆದ್ದವು, ದಲ್ಲಾಳಿಗಳು ಹಳ್ಳಿ ಸುತ್ತಿದರು. ಕೆಲವೆಡೆ ಪಾದ್ರಿಗಳೇ ಮಾರಿದರು. ಸೋರುವ ಮಾಡಿನ ರಿಪೇರಿಗೆ ಹಣ ಬೇಕಿತ್ತು. ಕೆಲವೆಡೆ ಹೊಸ ಪ್ಲಾಸ್ಟರ್ ಮೂರ್ತಿ ಕೊಟ್ಟು ಹಳೆಯದನ್ನು ಒಯ್ದರು. ಉಳಿದೆಡೆ ರಾತ್ರಿ ಬಂದು ಕದ್ದರು.

ಕದ್ದ ವಿಗ್ರಹ ಇಡಿಯಾಗಿ ಉಳಿಯುವುದೂ ಅಪರೂಪ. ದಂತದ ತಲೆಗೆ ಬೆಲೆ ಹೆಚ್ಚು; ತಲೆ ಒಂದು ಕಡೆ ಹೋಯಿತು, ಮರದ ಮೈ ಒಂದು ಕಡೆ ಹೋಯಿತು. ಬೆಳ್ಳಿಯ ಪ್ರಭಾವಳಿ ಮೂರನೆಯವನಿಗೆ. ದಂತದ ಮೋಹದ ಬೆಲೆಯನ್ನು ತೆತ್ತದ್ದು ಆನೆಗಳೂ ಹೌದು. 2013ರ ಜೂನ್‌ನಲ್ಲಿ ಫಿಲಿಪ್ಪೀನ್ಸ್ ಸರ್ಕಾರ ಕಳ್ಳಸಾಗಣೆಯಲ್ಲಿ ಹಿಡಿದ ಐದು ಟನ್ನು ಆನೆದಂತವನ್ನು ಬಹಿರಂಗವಾಗಿ ನಾಶಮಾಡಿತು. ಸಾಂಸ್ಕೃತಿಕ ಸೊತ್ತಿನ ರಕ್ಷಣೆಗೆಂದು 2009ರ ಹೆಸರಿನ ರಾಷ್ಟ್ರೀಯ ಪರಂಪರೆ ಕಾಯಿದೆಯೂ ಬಂದಿದೆ. ಆದರೆ ದಶಕಗಳ ಹಿಂದೆ ಹೊರಟುಹೋದದ್ದನ್ನು ಕಾಯಿದೆ ಮನೆಗೆ ನಡೆಸಿಕೊಂಡು ಬರಲಾರದು.

2024ರ ಫೆಬ್ರವರಿಯಲ್ಲಿ ಈ ಹಳೆಯ ಗಾಯ ಮತ್ತೆ ತೆರೆದುಕೊಂಡಿತು. ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ತನಗೆ ಖಾಸಗಿ ಸಂಗ್ರಾಹಕರಿಂದ ನಾಲ್ಕು ಮರದ ಹಲಗೆಗಳು ದಾನವಾಗಿ ಬಂದಿವೆ ಎಂದು ಸಂತೋಷದಿಂದ ಪ್ರಕಟಿಸಿತು. ಅವು ಸೆಬು ದ್ವೀಪದ ಬೊಲ್‌ಹೊವೊನ್ ಊರಿನ ಇಗರ್ಜಿಯಲ್ಲಿ ಪಾದ್ರಿ ನಿಂತು ಪ್ರವಚನ ಮಾಡುವ ಪೀಠಕ್ಕೆ ಸೇರಿದ ಉಬ್ಬುಕೆತ್ತನೆಯ ಹಲಗೆಗಳು. 1980ರ ದಶಕದಲ್ಲಿ ಕಾಣೆಯಾದವು ಎನ್ನಲಾದ ತಮ್ಮ ಹಲಗೆಗಳನ್ನು ಊರಿನವರು ಚಿತ್ರದಲ್ಲೇ ಗುರುತಿಸಿದರು. ಸೆಬುವಿನ ಧರ್ಮಪ್ರಾಂತ, ಪ್ರಾಂತ್ಯ ಸರ್ಕಾರ ಎರಡೂ ಅವನ್ನು ಹಿಂದಿರುಗಿಸಬೇಕೆಂದು ಪಟ್ಟುಹಿಡಿದವು.

ಸಂಗ್ರಾಹಕರ ಪರವಾಗಿಯೂ ಒಂದು ಮಾತಿದೆ. ಅವರು ಕೊಳ್ಳದಿದ್ದರೆ ಎಷ್ಟೋ ವಿಗ್ರಹಗಳು ಗೆದ್ದಲಿಗೆ, ಚಂಡಮಾರುತಕ್ಕೆ, ಸೌದೆಯ ಒಲೆಗೆ ಹೋಗುತ್ತಿದ್ದವು. 2013ರ ಅಕ್ಟೋಬರ್ 15ರ ಭೂಕಂಪದಲ್ಲಿ ಬೊಹೊಲ್ ದ್ವೀಪದ ಲೂನ್, ಮರಿಬೊಹೊಕ್ ಊರುಗಳ ಹಳೆಯ ಇಗರ್ಜಿಗಳು ಕ್ಷಣಮಾತ್ರದಲ್ಲಿ ಕಲ್ಲಿನ ರಾಶಿಯಾದುದನ್ನು ನೆನೆದರೆ ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಉಳಿಸುವುದೆಂದರೇನು? ಮರವನ್ನು ಉಳಿಸುವುದೇ, ಮರಕ್ಕೂ ಊರಿಗೂ ಇರುವ ಸಂಬಂಧವನ್ನು ಉಳಿಸುವುದೇ? ತಣ್ಣನೆಯ ಗಾಜಿನ ಕಪಾಟಿನಲ್ಲಿ ಮರ ಇನ್ನೂರು ವರ್ಷ ಬಾಳಬಹುದು. ಆದರೆ ಅದಕ್ಕೆ ಉಡುಪು ಹೊಲಿಯುವವರು ಇರುವುದಿಲ್ಲ, ಮಳೆ ಕೇಳುವವರು ಇರುವುದಿಲ್ಲ.

ಅಸಲು ಯಾವುದು?

ಪುರಾತನ ವಸ್ತುವಿನ ವ್ಯಾಪಾರಿ ಮೊದಲು ಕೇಳುವ ಪ್ರಶ್ನೆ ‘ಇದು ಅಸಲೇ?’ ಎಂಬುದು. ಕಿಯಾಪೊದ ಕಪ್ಪು ನಜರೀನನ ಮುಂದೆ ಈ ಪ್ರಶ್ನೆ ತಬ್ಬಿಬ್ಬಾಗುತ್ತದೆ. ಪ್ರತಿ ಜನವರಿ 9ರಂದು ಅವನ ಮೆರವಣಿಗೆಯಲ್ಲಿ ಲಕ್ಷಾಂತರ ಜನ ಬರಿಗಾಲಲ್ಲಿ ಹಗ್ಗ ಎಳೆಯುತ್ತಾರೆ. ಟವೆಲ್ಲುಗಳನ್ನು ಎಸೆದು, ಮೂರ್ತಿಗೆ ಒರೆಸಿಸಿ ಹಿಂದಕ್ಕೆ ಪಡೆಯುತ್ತಾರೆ. ಈ ಸ್ಪರ್ಶದಿಂದಲೇ ಮರ ಸವೆಯತೊಡಗಿದಾಗ 1990ರ ದಶಕದ ಕೊನೆಯಲ್ಲಿ ಒಂದು ಪ್ರತಿಕೃತಿ ಮಾಡಿಸಿದರು. ಅಸಲನ್ನು ಒಳಗಿಟ್ಟು ಪ್ರತಿಕೃತಿಯನ್ನು ಹೊರಗೆ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಹಳೆಯ ತಲೆಯನ್ನು ಹೊಸ ಮೈಗೆ ಜೋಡಿಸಿ ಪೀಠದ ಮೇಲಿಟ್ಟರು. ಹಳೆಯ ಮೈಗೆ ಹೊಸ ತಲೆ ಜೋಡಿಸಿ ಮೆರವಣಿಗೆಗೆ ಕೊಟ್ಟರು. ಹರಾಜುಕಟ್ಟೆಯ ಲೆಕ್ಕದಲ್ಲಿ ಎರಡೂ ಅರ್ಧ ಅಸಲು. ಭಕ್ತರ ಲೆಕ್ಕದಲ್ಲಿ ಎರಡೂ ಪೂರ್ತಿ ನಜರೀನ್.

ಸೆಬುವಿನ ಮರದ ಮಗು ಈಗಲೂ ಸಿಕ್ಕಿದ ಜಾಗದಲ್ಲೇ ಕಟ್ಟಿದ ಇಗರ್ಜಿಯಲ್ಲಿದೆ. ಅದರ ನಾಲ್ಕು ನೂರನೆಯ ವರ್ಷವಾದ 1965ರಲ್ಲಿ ಆ ಇಗರ್ಜಿಗೆ ಬೆಸಿಲಿಕದ ಪದವಿ ಬಂತು. ಜನವರಿಯ ಮೂರನೆಯ ಭಾನುವಾರ ಅದರ ಹಬ್ಬ. ಅಂದು ಜನ ‘ಸಿನುಲೊಗ್’ ಕುಣಿಯುತ್ತಾರೆ. ನೀರಿನ ಸೆಳೆತದಂತೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಪಾದ್ರಿಗಳು ಬರುವ ಮೊದಲೇ ತಮ್ಮ ಹಿರಿಯರು ಮರದ ದೇವರುಗಳ ಮುಂದೆ ಕುಣಿಯುತ್ತಿದ್ದ ಹೆಜ್ಜೆ ಇದೇ ಎಂದು ಸೆಬುವಿನವರು ನಂಬುತ್ತಾರೆ. ಬೆಸಿಲಿಕದ ಅಂಗಳದಲ್ಲಿ ಮೇಣದ ಬತ್ತಿ ಮಾರುವ ಹೆಂಗಸರು ಹಬ್ಬವಲ್ಲದ ದಿನಗಳಲ್ಲೂ ಈ ಕುಣಿತ ಮಾಡುತ್ತಾರೆ. ಬತ್ತಿ ಕ��ಂಡವರ ಹೆಸರು ಕೇಳಿ, ಅವರ ಕೋರಿಕೆ ಕೇಳಿ, ಅವರ ಪರವಾಗಿ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹಾಕುತ್ತಾರೆ.

ಮುಂದೆಂದಾದರೂ ವಸ್ತುಸಂಗ್ರಹಾಲಯದಲ್ಲೋ ಹರಾಜಿನ ಪುಸ್ತಕದಲ್ಲೋ ಇಂಥ ಮರದ ಸಂತ ನಮಗೆ ಎದುರಾದರೆ, ಕೆಳಗಿನ ಚೀಟಿಯಲ್ಲಿ ಕಾಲ, ಅಳತೆ, ಮರದ ಜಾತಿ ಇರುತ್ತವೆ. ಶಿಲ್ಪಿ ಎಂಬ ಕಡೆ ‘ಅಜ್ಞಾತ’ ಎಂದಿರುತ್ತದೆ. ಆ ಒಂದು ಪದದ ಮುಂದೆ ಕ್ಷಣಕಾಲ ನಿಲ್ಲುವುದು ಒಳ್ಳೆಯದು. ಆ ಅಜ್ಞಾತನಿಗೆ ಒಂದು ಊರಿತ್ತು. ಆ ಊರಿನಲ್ಲಿ ಈಗ ಒಂದು ಗೂಡು ಖಾಲಿಯಿದೆ.